ನಾಮಕರಣದ ಕಾರ್ಡ್ ಆನ್‌ಲೈನ್‌ನಲ್ಲಿ ಮಾಡಿಸುವುದು ಹೇಗೆ?

ನಾಮಕರಣದ ಆಮಂತ್ರಣ ಪತ್ರಿಕೆ ಬೇಕೆಂದರೆ ಬೆಂಗಳೂರಿನವರು ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಹೋಗಿ, ಮಾದರಿಗಳನ್ನು ತಿರುವಿಹಾಕಿ, ಒಂದನ್ನು ಆರಿಸಿ ಮುಂಗಡ ಕೊಟ್ಟು ಬರುವುದು ರೂಢಿ. ಅಲ್ಲಿ ಅಕ್ಷರ ಜೋಡಿಸುವವರಿಗೆ ಇಂಥ ಪತ್ರಿಕೆಗಳ ಒಕ್ಕಣೆ ಬಾಯಿಪಾಠವಾಗಿರುವುದರಿಂದ, ನಾವು ‘ಆಶೀರ್ವಾದ’ವನ್ನು ತಪ್ಪಾಗಿ ಬರೆದುಕೊಟ್ಟರೂ ಅವರು ತಿದ್ದಿಕೊಳ್ಳುತ್ತಾರೆ. ಬಾಣಂತಿಯನ್ನೂ ಹಸುಗೂಸನ್ನೂ ಬಿಟ್ಟು ಪೇಟೆ ಸುತ್ತಲಾಗದವರಿಗೆ ಈಗ ಮುದ್ರಣದ ಜಾಲತಾಣಗಳು ಅದೇ ಕೆಲಸವನ್ನು ಫೋನಿನಲ್ಲೇ ಮುಗಿಸಿಕೊಡುತ್ತವೆ. ಆದರೆ ಆ ತಿದ್ದುವ ಕಣ್ಣು ಅಲ್ಲಿ ಸಿಗುವುದಿಲ್ಲ. ಆ ಹೊಣೆ ಪೂರ್ತಿಯಾಗಿ ಕಾರ್ಡ್ ಮಾಡಿಸುವವರ ಮೇಲೆಯೇ ಬೀಳುತ್ತದೆ.

ಮೊದಲು ಯಾವ ಕಾರ್ಡ್ ಎಂಬುದನ್ನು ತೀರ್ಮಾನಿಸಬೇಕು. ಮಗು ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ, ಪುರುಡು ಕಳೆದ ಕೂಡಲೇ ಹೆಸರಿಡುವ ಮನೆಗಳಲ್ಲಿ ಅಚ್ಚಿನ ಆಮಂತ್ರಣಕ್ಕೆ ಸಮಯವೇ ಇರುವುದಿಲ್ಲ. ವಿನ್ಯಾಸ, ಪ್ರೂಫ್ (ಅಚ್ಚಿಗೆ ಮುನ್ನ ನೋಡಿ ಒಪ್ಪಲು ಕಳಿಸುವ ಮಾದರಿ), ಮುದ್ರಣ, ಕೊರಿಯರ್ ಎಲ್ಲ ಸೇರಿ ಹತ್ತು ಹನ್ನೆರಡು ದಿನವನ್ನಾದರೂ ಇಟ್ಟುಕೊಳ್ಳುವುದು ಕ್ಷೇಮ. ಇಂಥವರು ಕರೆಯುವುದನ್ನು ಫೋನಿನಲ್ಲೇ ಮುಗಿಸಿ, ಹೆಸರಿಟ್ಟ ಮೇಲೆ ಫೋಟೊ ಸಹಿತ ಸಿಹಿಸುದ್ದಿಯ ಕಾರ್ಡ್ ಕಳಿಸುವುದು ಒಳ್ಳೆಯದು. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡವರು ಆಮಂತ್ರಣವನ್ನೇ ಮಾಡಿಸಬಹುದು. ಅಕ್ಕಿಯ ಮೇಲೆ ಹೆಸರು ಬರೆದು ಮಗುವಿನ ಕಿವಿಯಲ್ಲಿ ಹೇಳುವವರೆಗೆ ಅದನ್ನು ಹೊರಗೆ ಬಿಡಬಾರದೆಂಬ ಮನೆಯಾದರೆ ಕಾರ್ಡಿನಲ್ಲಿ ‘ನಮ್ಮ ಮಗಳ ನಾಮಕರಣ’ ಎಂದಷ್ಟೇ ಇದ್ದರೆ ಸಾಕು.

ಒಕ್ಕಣೆಯನ್ನು ಜಾಲತಾಣದ ಚೌಕದೊಳಗೆ ನೇರವಾಗಿ ಟೈಪ್ ಮಾಡಲು ಹೋಗದೆ, ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯ ಹಿರಿಯರಿಗೆ ಓದಿ ಹೇಳಬೇಕು. ಯಾರ ಹೆಸರು ಮೊದಲು ಬರಬೇಕು, ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ‘ದಿವಂಗತ’ ಎಂದಿರಬೇಕೋ ‘ಕೈಲಾಸವಾಸಿ’ ಎಂದೋ ಎಂಬ ಪ್ರಶ್ನೆಗಳು ಅಚ್ಚಾದ ಮೇಲೆ ಏಳುವುದಕ್ಕಿಂತ ಆಗಲೇ ಏಳುವುದು ಮೇಲು. ಹೆಸರಿನ ಕಾಗುಣಿತವನ್ನೂ, ಇಂಗ್ಲಿಷಿನಲ್ಲಿ ಬರೆಯುವ ಕ್ರಮವನ್ನೂ ಇದೇ ಹಂತದಲ್ಲಿ ಗಟ್ಟಿ ಮಾಡಿಕೊಂಡರೆ ಜನನ ಪ್ರಮಾಣಪತ್ರಕ್ಕೂ ಅದೇ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕಾದರೂ ಆಗಲೇ ಹೆಸರು ಇರಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಹುಟ್ಟಿದ ಗಳಿಗೆ, ಆಸ್ಪತ್ರೆ, ಮನೆಯ ಪೂರ್ಣ ವಿಳಾಸ ಇವೆಲ್ಲ ಒಂದೇ ಕಾರ್ಡಿನಲ್ಲಿ ಬೇಡ, ಏಕೆಂದರೆ ಕಾರ್ಡಿನ ಫೋಟೊ ಅದೇ ಸಂಜೆಯೇ ಗೊತ್ತಿಲ್ಲದವರ ವಾಟ್ಸ್‌ಆ್ಯಪ್ ಗುಂಪುಗಳನ್ನೂ ಸೇರಿರುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಕನ್ನಡ ಅಕ್ಷರಗಳ ವಿಷಯದಲ್ಲಿ. ನಮ್ಮ ಮನೆಯ ಕೂಸಿಗೆಂದು ‘ಪ್ರಾರ್ಥನಾ’ ಎಂದು ಟೈಪ್ ಮಾಡಿ ಕಳಿಸಿದ್ದೆ. ಪ್ರೂಫಿನಲ್ಲಿ ಅದು ‘ಪ್‌ರಾರ್‌ಥನಾ’ ಎಂದಾಗಿ, ಒತ್ತೂ ಅರ್ಕಾವತ್ತೂ ಬಿಚ್ಚಿಕೊಂಡು ಬಂದಿತ್ತು. ಕಂಪ್ಯೂಟರು, ಫೋನುಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯಾದ ಯುನಿಕೋಡಿನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ಅದನ್ನು ಅರ್ಧಾಕ್ಷರವಾಗಿಸುವ ಚಿಹ್ನೆ, ಮತ್ತೊಂದು ವ್ಯಂಜನ ಹೀಗೆ ಸಾಲಾಗಿ ಬಂದದ್ದನ್ನು ಕೂಡಿಸಿ ತೋರಿಸುವುದು ತಂತ್ರಾಂಶದ ಕೆಲಸ; ಅದು ಬರದ ತಂತ್ರಾಂಶ ಇದ್ದದ್ದನ್ನು ಇದ್ದಹಾಗೆ ಬಿಡಿಬಿಡಿಯಾಗಿ ಇಟ್ಟುಬಿಡುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲೇ ‘ಶ್ರೀ, ಅರ್ಥ, ರಾಷ್ಟ್ರ, ಜ್ಞಾನ, ಕೃಪೆ’ ಎಂಬ ಐದು ಪದಗಳನ್ನು ಆ ತಾಣದಲ್ಲಿ ಟೈಪ್ ಮಾಡಿ ನೋಡಬೇಕು. ಐದರಲ್ಲಿ ಒಂದು ಒಡೆದರೂ ಅಲ್ಲಿನ ಟೈಪ್ ಮಾಡುವ ಚೌಕವನ್ನು ನಂಬಬಾರದು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’ ಅಥವಾ ‘ಬರಹ’ದ ಹಳೆಯ ಫಾಂಟುಗಳಲ್ಲಿದ್ದ ಒಕ್ಕಣೆಯನ್ನು ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಒಡೆಯುವ ತಾಣವೇ ಬೇಕೆಂದಾದರೆ ಪತ್ರಿಕೆಯನ್ನು ಬೇರೆಡೆ ಸಿದ್ಧಪಡಿಸಿ, ಫಾಂಟನ್ನೂ ಒಳಗೊಂಡ ಪಿಡಿಎಫ್ ಆಗಿ ಏರಿಸಬಹುದು. ನೋಟೊ, ತಿರೊ ಕನ್ನಡ, ಬಾಲೂ ತಮ್ಮ ಮುಂತಾದ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಅಚ್ಚಿಗೆ ಇಂಚೊಂದಕ್ಕೆ 300 ಚುಕ್ಕೆಗಳು ಬೇಕಾಗುವುದರಿಂದ 5×7 ಇಂಚಿನ ಕಾರ್ಡನ್ನು ತುಂಬುವ ಚಿತ್ರ ಕನಿಷ್ಠ 1500×2100 ಪಿಕ್ಸೆಲ್ ಇರಬೇಕು. ಅತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಫೋನಿನಲ್ಲಿ ಚೆನ್ನಾಗಿ ಕಂಡರೂ ಕುಗ್ಗಿರುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಮೂಲ ಗಾತ್ರದಲ್ಲೇ ಬರುತ್ತದೆ. ಪರದೆ ಬೆಳಕಿನಿಂದ ಬಣ್ಣ ತೋರಿಸಿದರೆ ಅಚ್ಚಿನ ಯಂತ್ರ ನಾಲ್ಕು ಮಸಿಗಳಿಂದ ತೋರಿಸುತ್ತದೆ. ಹೀಗಾಗಿ ಅಚ್ಚು ತುಸು ಮಂಕಾಗಿ ಬರಬಹುದು. ಮುಖದ ಭಾಗವನ್ನು ಸ್ವಲ್ಪ ತಿಳಿಯಾಗಿಸಿಕೊಳ್ಳುವುದು ವಾಸಿ. ಕತ್ತರಿಸುವಾಗ ಅಂಚು ಹೋಗುವುದರಿಂದ ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಕಡೆ ಸುಮಾರು 3 ಮಿಲಿಮೀಟರ್ ಹೊರಚಾಚಿ, ಹೆಸರನ್ನೂ ಮುಖವನ್ನೂ ಅಂಚಿನಿಂದ ಒಳಗಿಡಬೇಕು. ಕಾಗದ ಮನೆಯ ಪ್ರಿಂಟರಿನಲ್ಲಿ ಬಳಸುವಂಥ 70–80 ಜಿಎಸ್‌ಎಂನದಾದರೆ (ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಕೈಯಲ್ಲಿ ಜೋತುಬೀಳುತ್ತದೆ. 250ರಿಂದ 300 ಇದ್ದರೆ ಕಾರ್ಡಿನಂತೆ ನಿಲ್ಲುತ್ತದೆ.

ಪ್ರೂಫ್ ಬಂದಾಗ ‘ಒಪ್ಪಿಗೆ’ ಒತ್ತುವ ಅವಸರ ಬೇಡ. ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಒಕ್ಕಣೆ ಬರೆದವರನ್ನು ಬಿಟ್ಟು ಬೇರೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ದಿನಾಂಕಕ್ಕೂ ವಾರಕ್ಕೂ ತಾಳೆ ಇದೆಯೇ ಎಂದು ಕ್ಯಾಲೆಂಡರಿನಲ್ಲಿ ನೋಡಬೇಕು. ಹೆಸರು ಹಾಕಿ ಮಾಡಿಸಿದ ವಸ್ತುವನ್ನು ತಾಣಗಳು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ, ಒಪ್ಪಿಗೆ ಕೊಟ್ಟ ಪ್ರೂಫಿನಲ್ಲೇ ತಪ್ಪಿದ್ದರೆ ಮರುಮುದ್ರಣದ ವೆಚ್ಚ ನಿಮ್ಮದೇ. ಕಾರ್ಡುಗಳನ್ನು ತಲೆಗೊಂದರಂತೆ ಲೆಕ್ಕ ಹಾಕದೆ ಮನೆಗೊಂದರಂತೆ ಹಾಕಿ, ನೂರಕ್ಕೆ ಹತ್ತು ಹೆಚ್ಚಿಗೆ ಹೇಳಬೇಕು. ಮರೆತ ನೆಂಟರು ನೆನಪಾಗುವುದು ಕೊನೆಯ ವಾರದಲ್ಲೇ.

ಇನ್ನೊಂದು ಮಾತು, ಆಮಂತ್ರಣಕ್ಕೆ ಅರಿಶಿನ ಹಚ್ಚುವ ಮನೆಯವರಿಗೆ. ಲ್ಯಾಮಿನೇಶನ್ ಮಾಡಿದ ಕಾರ್ಡಿನ ಮೇಲೆ ಅರಿಶಿನ ಸರಿಯಾಗಿ ಹಿಡಿಯದೆ ಬೆರಳಿಗೂ ಲಕೋಟೆಗೂ ಮೆತ್ತಿಕೊಳ್ಳುತ್ತದೆ. ಲ್ಯಾಮಿನೇಶನ್ ಇಲ್ಲದ ಒರಟು ಕಾಗದ ಆರಿಸಿ, ನಾಲ್ಕು ಮೂಲೆಗೆ ಹಚ್ಚಿ ಪೂರ್ತಿ ಒಣಗಿದ ಮೇಲೆಯೇ ಲಕೋಟೆಗೆ ಹಾಕಬೇಕು.