ಸಿಮೆಂಟು ಕಿತ್ತು ಗಾರೆ ಮೆತ್ತಿದ್ದು

1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮುಂದೆ ಯಾವಾಗಲೋ ಅದರ ಮೇಲೆ ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಪೇಂಟು ಬಿದ್ದಿರುತ್ತದೆ. ನೆಲದಿಂದ ಏರುವ ತೇವ ಗಾರೆಯಲ್ಲಿ ಹಾಯ್ದು ಆರಿಹೋಗುತ್ತಿತ್ತು. ಸಿಮೆಂಟು ಅಡ್ಡ ಕಟ್ಟಿದ ಮೇಲೆ ಅದು ಇನ್ನೂ ಮೇಲಕ್ಕೆ ಹತ್ತುತ್ತದೆ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. "ಗೋಡೆ ಸತ್ತೋಯ್ತು, ಕೆಡವಿಬಿಡೋಣ" ಅನ್ನುವ ಮಾತು ಬರುವುದು ಆಗಲೇ. ಸತ್ತಿರುವುದು ಬಹುತೇಕ ಹೊರಪದರ ಮಾತ್ರ. ಬಸವನಗುಡಿಯ ಒಂದು ನಡುಮನೆಯಲ್ಲಿ ನಾವು ಮಾಡಿದ ಕ್ರಮ ಇದು.

ಉಳಿ ಹಿಡಿಯುವ ಮೊದಲು ಸಿಮೆಂಟು ಮುಟ್ಟದ ಮೇಲಿನ ಮೂಲೆಯಲ್ಲಿ ಪದರ ಓದಿದೆವು. ಗೋಡೆಗೆ ನೀರು ಸವರಿ, ಬ್ಲೇಡಿನಿಂದ ಒಂದೊಂದೇ ಬಣ್ಣ ಕೆರೆದು, ಪ್ರತಿಯೊಂದರದೂ ಅರ್ಧ ಇಂಚು ಉಳಿಸುತ್ತ ಹೋದರೆ ಮೆಟ್ಟಿಲಿನಂಥ ಪಟ್ಟಿ ಸಿಗುತ್ತದೆ: ಪೇಂಟು, ಡಿಸ್ಟೆಂಪರು, ನೀಲಿ ಬೆರೆಸಿದ ಸುಣ್ಣ, ತಳದಲ್ಲಿ ಬಿಳಿ ಸುಣ್ಣ. ಕಾಲ ತಿಳಿಯಲು ಹಳೇ ವೈರಿಂಗಿನ ಮರದ ಪಟ್ಟಿ ಬಿಚ್ಚಿ ನೋಡಿ. ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ. ಪಟ್ಟಿಯಡಿ ಉಳಿದ ಬಣ್ಣ ಆ ಮನೆಗೆ ತಂತಿ ಎಳೆಯುವುದಕ್ಕೂ ಮುಂಚಿನದು. (ಹಂಚಿನ ಮೇಲೆ 1865 ಎಂದಿದ್ದರೆ ಅದನ್ನು ಮನೆಯ ವಯಸ್ಸೆಂದು ಬರೆದುಕೊಳ್ಳಬೇಡಿ. ಅದು ಮಂಗಳೂರಿನ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ.)

ಸಿಮೆಂಟು ಕೀಳಲು ಬ್ರೇಕರ್ ಯಂತ್ರ ಬೇಡವೇ ಬೇಡ, ಅದರ ಅದುರಿಗೆ ಒಳಗಿನ ಗಾರೆ ಸಡಿಲವಾಗುತ್ತದೆ. ಒಂದಿಂಚಿನ ಉಳಿಯನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಅಂಚಿನಿಂದ ಎಬ್ಬಿಸಬೇಕು. ನೆಟ್ಟಗೆ ಹೊಡೆದರೆ ಇಟ್ಟಿಗೆಯ ಗಟ್ಟಿ ಮುಖವೂ ಕಿತ್ತು ಬರುತ್ತದೆ. ಬಿಡದ ಕಡೆ ಗ್ರೈಂಡರಿನಿಂದ ನಾಲ್ಕಿಂಚಿನ ಚೌಕ ಗೆರೆ ಹಾಕಿ, ಗಿಲಾವಿನ ದಪ್ಪಕ್ಕಿಂತ ಆಳ ಹೋಗದಂತೆ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉದುರಿಸಿ. ತೊಳೆದರೆ ಕರಗಿ ಮತ್ತೆ ಒಳಸೇರುತ್ತದೆ. ಆಮೇಲೆ ಒಳಗಿನ ತೇವ ಆರಲು ಒಂದು ಬೇಸಿಗೆ ಗೋಡೆ ಬತ್ತಲೆ ಇರಲಿ. ಮಾಲೀಕರನ್ನು ಒಪ್ಪಿಸುವುದು ಕಷ್ಟವಾಗುವುದು ಇದಕ್ಕೇ.

ಗಾರೆಗೆ ತಿಂಗಳು ನೀರಿನಡಿ ಕೊಳೆತ ಸುಣ್ಣ 1 ಪಾಲು, ಮರಳು 2, ಸುರ್ಕಿ (ಇಟ್ಟಿಗೆ ಪುಡಿ) 1. ಎಂ-ಸ್ಯಾಂಡಾದರೆ (ಕಲ್ಲು ಪುಡಿ ಮಾಡಿದ ಮರಳು) ಧೂಳು ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಕೂದಲೆಳೆ ಬಿರುಕು ಖಂಡಿತ. ಸುರ್ಕಿಗೆ ಕಮ್ಮಿ ಸುಟ್ಟ ಇಟ್ಟಿಗೆಯೇ ಆಗಬೇಕು. ಕಬ್ಬಿಣದಂತೆ ಸುಟ್ಟದ್ದರ ಪುಡಿ ಸುಣ್ಣದೊಡನೆ ಸೇರದೆ ಬರೀ ಮರಳಾಗಿ ಉಳಿಯುತ್ತದೆ. ಕಲಸಲು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು.

ಗೋಡೆ ನೆನೆಸಿ, ಮೊದಲ ಕೈ 12 ಮಿ.ಮೀ., ಎರಡನೆಯದು 6. ಒಂದೇ ಸಲ ದಪ್ಪ ಮೆತ್ತಿದರೆ ಜಾರುತ್ತದೆ. ಹಸಿ ಗೋಣಿತಾಟು 10 ದಿನ. ಫ್ಯಾನು ಹಾಕಿ ಒಣಗಿಸಿದ ಭಾಗವೆಲ್ಲ ಬೆರಳಿಗೆ ಉದುರಿತು. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ, ನಾಲ್ಕು ಕೈ.

ಸ್ವಿಚ್ ಡಬ್ಬಿ ಕೂರಿಸಲು ಬರುವ ಎಲೆಕ್ಟ್ರಿಷಿಯನ್ ಸುತ್ತ ಸಿಮೆಂಟು ತುಂಬುತ್ತಾರೆ, ಅವರ ಕೈಗೆ ಗಾರೆಯ ಬಾಂಡಲಿಯನ್ನೇ ಕೊಡಿ. ಮೂಲೆಯ ಮೆಟ್ಟಿಲು ಪಟ್ಟಿಯನ್ನು ಹಾಗೇ ಬಿಟ್ಟೆವು. ಮುಂದೆ ಬಳಿಯುವವರ ಕುಂಚ ತಾಗದಿರಲೆಂದು ಸುತ್ತ ಮರದ ಚೌಕಟ್ಟು ಹೊಡೆದಿದೆ.