ಕಾಡ್ ಮೀನಿನ ಲಿವರ್: ನಾನು ಬೇಯಿಸುವ ಬಗೆ

ಬಂಗುಡೆ, ಬೂತಾಯಿಯ ಕೊಬ್ಬೆಲ್ಲ ಮಾಂಸದಲ್ಲೇ ಇರುತ್ತದೆ. ಅವುಗಳ ಲಿವರ್ ಪುಟ್ಟದು, ಕರುಳಿನ ಜೊತೆ ಕಸಕ್ಕೆ ಹೋಗುತ್ತದೆ. ಉತ್ತರದ ತಣ್ಣನೆಯ ಕಡಲಿನ ಮೀನಾದ ಕಾಡ್ ಇದಕ್ಕೆ ತದ್ವಿರುದ್ಧ: ಮಾಂಸದಲ್ಲಿ ಕೊಬ್ಬು ಶೇ. 1ರಷ್ಟೂ ಇಲ್ಲ, ಲಿವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಎ ಮತ್ತು ಡಿ ವಿಟಮಿನ್, ಒಮೇಗಾ-3 ಎಲ್ಲ ಆ ಎಣ್ಣೆಯಲ್ಲಿವೆ. ಚಳಿಗಾಲದ ಕೊನೆಗೆ ಬ್ಯಾರೆಂಟ್ಸ್ ಸಮುದ್ರದಿಂದ ನಾರ್ವೆಯ ಲೋಫೋಟೆನ್ ದ್ವೀಪಗಳ ಕಡೆ ಮೊಟ್ಟೆಯಿಡಲು ಬರುವ ಕಾಡ್‌ಗೆ ಇಲ್ಲಿ ಸ್ಕ್ರೈ ಅನ್ನುತ್ತಾರೆ. ಅದರ ಮಾಂಸ, ಲಿವರ್, ಮೊಟ್ಟೆಗಳನ್ನು ಬೇರೆ ಬೇರೆ ಬೇಯಿಸಿ ಒಂದೇ ತಟ್ಟೆಗೆ ಬಡಿಸುವ ಊಟ ಮೊಲ್ಯೆ. ನಾನು ಮಾಡುವುದೂ ಅದನ್ನೇ.

ಆರಿಸುವಾಗ ಬಣ್ಣ ನೋಡಿ. ಕೆನೆಬಣ್ಣದ, ಮುಟ್ಟಿದರೆ ಗಟ್ಟಿಯಾಗಿರುವ ಲಿವರ್ ಒಳ್ಳೆಯದು. ತೆಳ್ಳಗೆ ಕೆಂಪಾಗಿದ್ದರೆ ಕೊಬ್ಬು ಕಡಿಮೆ. ಹಸಿರು ಕಲೆಯಿದ್ದರೆ ಪಿತ್ತ ತಾಗಿದೆ ಎಂದರ್ಥ. ಅಷ್ಟು ಭಾಗ ಕತ್ತರಿಸಿ ಬಿಸಾಡದಿದ್ದರೆ ಪಾತ್ರೆಯೆಲ್ಲ ಕಹಿ. ಮೇಲಿನ ತೆಳು ಪೊರೆಯಡಿ ಸುರುಳಿ ಸುತ್ತಿಕೊಂಡ ಸಣ್ಣ ಹುಳುಗಳು ಇರುವುದು ಸಾಮಾನ್ಯ. ಚಾಕುವಿನ ತುದಿಯಿಂದ ಪೊರೆ ಎತ್ತಿ ಎಳೆದರೆ ಹೆಚ್ಚಿನವು ಅದರ ಜೊತೆಗೇ ಬರುತ್ತವೆ. ಉಳಿದವನ್ನು ಕೆರೆದು ತೆಗೆಯಬೇಕು. ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿನ್ನುವ ಮಾತೇ ಬೇಡ.

ನಾಲ್ವರಿಗೆ 150 ಗ್ರಾಂ ಸಾಕು. ಎರಡು ಸೆಂ.ಮೀ. ತುಂಡು ಮಾಡಿ, ತಳ ಮುಚ್ಚುವಷ್ಟೇ ನೀರು, ಅರ್ಧ ಈರುಳ್ಳಿ, ಒಂದು ಚಮಚ ವಿನೆಗರ್, ಉಪ್ಪು, ಬಿಳಿ ಮೆಣಸಿನ ಪುಡಿ ಹಾಕಿ ಸಣ್ಣ ಉರಿಯಲ್ಲಿ 12–15 ನಿಮಿಷ ಇಡುತ್ತೇನೆ. ನೀರು ಅಲುಗಾಡಿದರೆ ಸಾಕು, ಕೊತಕೊತ ಕುದಿಯಬಾರದು. ಕುದಿದರೆ ಎಣ್ಣೆಯೆಲ್ಲ ಮೇಲೆ ಬಂದು, ತುಂಡು ಕುಗ್ಗಿ ಪುಡಿಪುಡಿಯಾಗುತ್ತದೆ. ಇಲ್ಲಿ ತೆಂಗಿನಕಾಯಿ ಮಸಾಲೆ ನನಗೆ ಸರಿಬರಲಿಲ್ಲ. ಜಿಡ್ಡಿನ ಮೇಲೆ ಜಿಡ್ಡು, ಬಾಯಿ ಕಟ್ಟುತ್ತದೆ. ಹುಳಿಯೇ ಬೇಕು.

ಮೀನಿನ ತುಂಡುಗಳನ್ನು ಉಪ್ಪು ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಹಾಕಿ ಎಂಟು ನಿಮಿಷ ಮುಚ್ಚಿಡಬೇಕು. ಮೀನಿನ ಮೊಟ್ಟೆ ಬೇಯಲು ಅರ್ಧ ಗಂಟೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಲಿವರ್ ಹಾಗೂ ಅದು ಬಿಟ್ಟ ಎಣ್ಣೆ ಸುರಿದು ತಿನ್ನುವುದು.

ಪ್ರಮಾಣದಲ್ಲಿ ಮಾತ್ರ ಬಿಗಿ ಬೇಕು. ದೊಡ್ಡವರಿಗೆ ವಿಟಮಿನ್ ಎ ಮಿತಿ ದಿನಕ್ಕೆ 3,000 ಮೈಕ್ರೋಗ್ರಾಂ. 100 ಗ್ರಾಂ ಲಿವರ್ ತಿಂದರೆ ಅದು ದಾಟಿಹೋಗುತ್ತದೆ. ಆ ದಿನ ಕಾಡ್ ಲಿವರ್ ಎಣ್ಣೆಯ ಚಮಚ ಬೇಡ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಲಿವರ್ ತಿನ್ನಬಾರದೆಂದು ನಾರ್ವೆಯ ಆಹಾರ ಇಲಾಖೆಯೇ ಹೇಳುತ್ತದೆ. ದಡದ ಬಳಿ ಗಾಳ ಹಾಕಿ ಹಿಡಿದ ಮೀನಿನ ಲಿವರ್ ಯಾರಿಗೂ ಬೇಡ, ಡಯಾಕ್ಸಿನ್, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕಗಳು ಅದರಲ್ಲಿ ಸೇರಿರುತ್ತವೆ. ಊರಿನ ಕಡಲಲ್ಲಿ ಬಲೆಗೆ ಬೀಳುವ, ಚೆಂಡಿನಂತೆ ಉಬ್ಬುವ ಪಫರ್ ಮೀನಿನ ಲಿವರ್ ಅಂತೂ ಪ್ರಾಣ ತೆಗೆಯುವಂಥದ್ದು. ಎಷ್ಟು ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ತಾಜಾ ಸಿಗದಿದ್ದರೆ ಐಸ್‌ಲ್ಯಾಂಡಿನ ಡಬ್ಬಿ ಲಿವರ್ ಪರವಾಗಿಲ್ಲ. ಎಣ್ಣೆ ಬಸಿದು, ನಿಂಬೆ ಹಿಂಡಿ, ಸುಟ್ಟ ಬ್ರೆಡ್ಡಿನ ಮೇಲೆ ಹಚ್ಚಿದರೆ ಆಯಿತು. ತೆರೆದ ಡಬ್ಬಿಯಲ್ಲಿ ಮಿಕ್ಕದ್ದನ್ನು ಗಾಜಿನ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಟ್ಟು, ಎರಡು ದಿನದೊಳಗೆ ಮುಗಿಸಿ.