ಮೆಂಬರ್ ಆದ ಮೇಲೆ ಹಿಡಿದ ನಮೂನೆ 6

ನಮ್ಮದು ಚಳ್ಳಕೆರೆ ಸೀಮೆ, ಶೇಂಗಾ ಬೆಳೆಯುವ ಒಣಭೂಮಿ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದೆ. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಅದು ಕಾಗದದ ಮಾತು ಬಿಡಿ. ಯಾರು ಯಾರ ಕಡೆ ಅಂತ ಟೀ ಅಂಗಡಿ ಕಟ್ಟೆಗೆಲ್ಲ ಗೊತ್ತಿರುತ್ತದೆ.

ಗೆದ್ದವನನ್ನು ಜನ ಕೇಳುವುದು ಚರಂಡಿ, ಬೀದಿದೀಪ, ಮನೆ. ಅವು ನಡೆಯುತ್ತಿದ್ದವು. ನಾನು ಉದ್ಯೋಗ ಖಾತ್ರಿ ಯೋಜನೆಯನ್ನು (ನರೇಗಾ) ಗಟ್ಟಿಯಾಗಿ ಹಿಡಿದೆ. ಬೇಸಿಗೆಯಲ್ಲಿ ನಮ್ಮ ಹೊಲಗಳಲ್ಲಿ ಏನು ಕೆಲಸ ಇರುತ್ತೆ ಹೇಳಿ? ಜನ ಗುಳೆ ಹೋಗುತ್ತಾರೆ. 2021-22ರಲ್ಲಿ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. ಊರಲ್ಲೇ ಅಷ್ಟು ಸಿಕ್ಕರೆ ಅರ್ಧ ಜನ ನಿಲ್ಲುತ್ತಾರೆ.

ಮೊದಲ ಕೆಲಸ ವಾರ್ಡ್ ಸಭೆಯದು. ಕ್ರಿಯಾಯೋಜನೆಯಲ್ಲಿ, ಅಂದರೆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಇಲ್ಲದ ಕೆಲಸ ಬೇಸಿಗೆಯಲ್ಲಿ ಕೇಳಿದರೆ ಸಿಗುತ್ತಿರಲಿಲ್ಲ. ಅದಕ್ಕೆ ಶೇಂಗಾ ಕಿತ್ತು ಮುಗಿಯುತ್ತಿದ್ದಂತೆ ಹೊಲ ಹೊಲ ಸುತ್ತಿ, ಯಾರಿಗೆ ಬದು ಬೇಕು, ಯಾರಿಗೆ ಕೃಷಿ ಹೊಂಡ ಬೇಕು ಅಂತ ಸರ್ವೆ ನಂಬರ್ ಸಮೇತ ಬರೆದುಕೊಂಡೆ. ಸಭೆಯಲ್ಲಿ ಆ ಪಟ್ಟಿಯನ್ನೇ ಓದಿ, ನಡಾವಳಿಯಲ್ಲಿ ಬರೆಸಿದೆ. ಬರೆಸಿದ ಮೇಲೆ ಓದಿಸಿ ಕೇಳಿಸಿಕೊಂಡೆ. ಇದನ್ನು ಮಾತ್ರ ಬಿಡಬೇಡಿ.

ಆಮೇಲೆ ನಮೂನೆ 6, ಅಂದರೆ ಕೆಲಸ ಬೇಕು ಅಂತ ಬರೆದು ಕೊಡುವ ಅರ್ಜಿ. ನಮ್ಮವರು ಕಚೇರಿಗೆ ಹೋಗಿ "ಸಾರ್, ಕೆಲ್ಸ ಕೊಡಿ" ಅಂತ ಬಾಯಲ್ಲಿ ಕೇಳಿ ಬರುತ್ತಿದ್ದರು. ಅದಕ್ಕೆ ದಾಖಲೆಯೇ ಇರುತ್ತಿರಲಿಲ್ಲ. ಬರೆದು ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಅರ್ಜಿ ಕೊಟ್ಟ ದಿನ ಗೊತ್ತಾಗುತ್ತಿದ್ದುದು ಸ್ವೀಕೃತಿ ಚೀಟಿಯಿಂದ. ಅದನ್ನು ಕೊಡಲು ಕಚೇರಿಯಲ್ಲಿ ಮೀನಮೇಷ ಎಣಿಸುತ್ತಿದ್ದರು. ಸುಮ್ನೆ ಜಗಳ ಆಡಲಿಲ್ಲ. ಅರ್ಜಿ ಕೊಟ್ಟವರ ಜೊತೆ ಬೆಂಚಿನ ಮೇಲೆ ಕೂತೆ, ಸೀಲು ಬೀಳುವ ತನಕ.

"ಈ ಚೀಟಿ ಮಡಿಕ್ಕೊಂಡು ಏನ್ ಮಾಡ್ಲಪ್ಪ ಮೆಂಬರ್ರೇ?" ಅಂದಿತು ಒಂದು ಅಜ್ಜಿ. "ಜಾಬ್ ಕಾರ್ಡ್ ಒಳಗೆ ಇಟ್ಕೊಳಮ್ಮ, ಕಾಸಿದ್ದಂಗೆ ಅದು" ಅಂದೆ. ಆ ಬೇಸಿಗೆ ಬದು ಕೆಲಸಕ್ಕೆ ಮೊದಲು ಗುದ್ದಲಿ ತಂದಿದ್ದು ಅದೇ ಅಜ್ಜಿ.

ತೊಂದರೆ ಇಲ್ಲ ಅಂತಲ್ಲ. ಮುಂದೆ ಮೊಬೈಲ್ ಹಾಜರಾತಿ ಬಂತು, ದಿನಕ್ಕೆರಡು ಫೋಟೊ. ನಮ್ಮ ಗುಡ್ಡದ ಕಡೆ ನೆಟ್‌ವರ್ಕ್ ಸಿಗದೆ ಹಾಜರಾತಿ ಹಾಕುವ ಕಾಯಕ ಬಂಧು ಫೋನ್ ಎತ್ತಿ ಹಿಡಿದುಕೊಂಡು ಅಲೆಯುತ್ತಿದ್ದಳು. ಇನ್ನು ಹದ ಮಳೆ ಬಿದ್ದ ದಿನವೇ ಪಂಚಾಯಿತಿ ಸಾಮಾನ್ಯ ಸಭೆ ಇಟ್ಟರೆ ಬಿತ್ತುವ ಕೂರಿಗೆ ತಮ್ಮನ ಕೈಗೆ. ಗೌರವಧನ ಪೆಟ್ರೋಲಿಗೂ ಸಾಲುತ್ತಿರಲಿಲ್ಲ.

ಮತ್ತೆ ನಿಲ್ತೀಯಾ ಅಂತ ಕೇಳುತ್ತಾರೆ. ಮೊದಲು ಯಾವ ಸೀಟು ಯಾರಿಗೆ ಅನ್ನುವ ಮೀಸಲಾತಿ ಪಟ್ಟಿ ಬರಲಿ ಅಂತೀನಿ.